ನಾಚಿಕೆ ಎಂಬ ಆರನೆಯ ಸೂತಕ

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಈ ತಿಂಗಳ ಗೋಷ್ಠಿಗೆ ಲೈಂಗಿಕ ಆರೋಗ್ಯದ ವಿಷಯ ಇಟ್ಟುಕೊಂಡಿದ್ದಾರೆ ಎಂದು ತಿಳಿದಾಗ ಕೆಲವರು, "ಇದು ಮಠದಲ್ಲಿ ಆಡುವ ಮಾತೇ?" ಎಂದು ಕೇಳಿದರಂತೆ. ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ಸಕ್ಕರೆ ಕಾಯಿಲೆ, ಮೊಣಕಾಲು ನೋವು, ರಕ್ತದೊತ್ತಡ ಇವುಗಳ ಬಗ್ಗೆ ನಾವು ಕಟ್ಟೆಯ ಮೇಲೆ ಕುಳಿತು ಗಂಟೆಗಟ್ಟಲೆ ಮಾತಾಡುತ್ತೇವೆ. ಮಾತು ಹೊಕ್ಕುಳಿನಿಂದ ಕೆಳಗೆ ಇಳಿದರೆ ಮಾತ್ರ ದನಿ ತಗ್ಗುತ್ತದೆ. ಆದರೆ ಆ ಭಾಗಕ್ಕೂ ಕಾಯಿಲೆ ಬರುತ್ತದೆ. ನಾವು ಮಾತಾಡಲಿಲ್ಲ ಎಂದ ಮಾತ್ರಕ್ಕೆ ಅದು ಹೋಗುವುದಿಲ್ಲ, ಒಳಗೇ ಬೆಳೆಯುತ್ತದೆ.

ಮಠದಲ್ಲಿಯೇ ಏಕೆ ಮಾತಾಡಬೇಕು ಎಂಬುದಕ್ಕೆ ನನ್ನದೊಂದು ಉತ್ತರವಿದೆ. ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಅಲ್ಲಗಳೆದರು: ಜನನಸೂತಕ, ಪ್ರೇತಸೂತಕ, ಜಾತಿಸೂತಕ, ಉಚ್ಛಿಷ್ಟಸೂತಕ, ರಜಸ್ಸೂತಕ. ಇಷ್ಟಲಿಂಗ ಧರಿಸಿದವರಿಗೆ ಇವು ಯಾವುವೂ ಇಲ್ಲ ಎಂದರು. ಮನುಷ್ಯನ ದೇಹ ಹುಟ್ಟಿನಿಂದಾಗಲಿ, ಸಾವಿನಿಂದಾಗಲಿ, ಮುಟ್ಟಿನಿಂದಾಗಲಿ ಮೈಲಿಗೆಯಾಗುವುದಿಲ್ಲ ಎಂಬುದು ಅದರ ಅರ್ಥ. ಶರಣರಲ್ಲಿ ಬಹಳ ಮಂದಿ ಸಂಸಾರಿಗಳಾಗಿದ್ದರು. ಬಸವಣ್ಣನವರು ಸಂಸಾರಿಗಳು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಗಂಡಹೆಂಡತಿ, ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿ ಗಂಡಹೆಂಡತಿ. ದಾಂಪತ್ಯ ಸಾಧನೆಗೆ ಅಡ್ಡಿ ಎಂದು ಅವರು ತಿಳಿಯಲಿಲ್ಲ.

ಐದು ಸೂತಕಗಳನ್ನು ಅವರು ಕಳೆದರು. ಆದರೆ ನಮ್ಮ ಮನೆಗಳಲ್ಲಿ ಆರನೆಯದೊಂದು ಬೆಳೆದುಬಂದಿದೆ. ಅದರ ಹೆಸರು ನಾಚಿಕೆ. ಮರ್ಯಾದೆ ಬೇರೆ, ಈ ನಾಚಿಕೆ ಬೇರೆ. ಮರ್ಯಾದೆ ಮಾತನ್ನು ಹೇಗೆ ಆಡಬೇಕು ಎಂದು ಕಲಿಸುತ್ತದೆ. ನಾಚಿಕೆ ಮಾತನ್ನೇ ಆಡಬೇಡ ಎನ್ನುತ್ತದೆ. ಆಸ್ಪತ್ರೆಯಲ್ಲಿ ನಾನು ದಿನವೂ ನೋಡುವ ಸಂಕಟದಲ್ಲಿ ಅರ್ಧ ರೋಗದ್ದು, ಅರ್ಧ ಈ ನಾಚಿಕೆಯದು.

ಮುಟ್ಟು

ಮೊದಲು ತಾಯಂದಿರ ಮಾತು. ಹೆಣ್ಣುಮಗುವಿಗೆ ಸಾಮಾನ್ಯವಾಗಿ 10ರಿಂದ 15 ವರ್ಷದೊಳಗೆ ಮುಟ್ಟು ಶುರುವಾಗುತ್ತದೆ. ಪ್ರತಿ ತಿಂಗಳೂ ಗರ್ಭಕೋಶ ತನ್ನ ಒಳಗೋಡೆಗೆ ಒಂದು ಮೆತ್ತನೆಯ ಪದರ ಹಾಸಿಕೊಳ್ಳುತ್ತದೆ, ಮಗು ಬಂದರೆ ಇರಲಿ ಎಂದು. ಬಸಿರು ನಿಲ್ಲದಿದ್ದರೆ ಆ ಪದರ ಕಳಚಿ ಹೊರಗೆ ಬರುತ್ತದೆ. ಇಷ್ಟೇ ಮುಟ್ಟು. ಅದು ಕೆಟ್ಟ ರಕ್ತವಲ್ಲ, ಮೈಯ ನಂಜು ಹೊರಹೋಗುವುದೂ ಅಲ್ಲ. ಕೂಸಿಗಾಗಿ ಹಾಸಿದ ಹಾಸಿಗೆಯದು. ಅದನ್ನು ಮೈಲಿಗೆ ಎನ್ನುವವರು ತಾವು ಒಂಬತ್ತು ತಿಂಗಳು ಎಲ್ಲಿ ಮಲಗಿದ್ದೆವು ಎಂದು ಒಮ್ಮೆ ಯೋಚಿಸಬೇಕು.

ಮುಟ್ಟಾದವಳು ಉಪ್ಪಿನಕಾಯಿ ಮುಟ್ಟಿದರೆ ಕೆಡುತ್ತದೆ, ಬಳ್ಳಿ ಮುಟ್ಟಿದರೆ ಒಣಗುತ್ತದೆ ಎನ್ನುತ್ತಾರೆ. ಉಪ್ಪಿನಕಾಯಿ ಕೆಡುವುದು ನೀರಿನ ಕೈಯಿಂದ, ಉಪ್ಪು ಕಡಿಮೆಯಾದಾಗ. ಬಳ್ಳಿ ಒಣಗುವುದು ನೀರಿಲ್ಲದೆ. ಮುಟ್ಟಾದ ಶಿಕ್ಷಕಿ ಪಾಠ ಮಾಡುತ್ತಾಳೆ, ಮುಟ್ಟಾದ ನರ್ಸ್ ಹೆರಿಗೆ ಮಾಡಿಸುತ್ತಾಳೆ, ಮುಟ್ಟಾದ ಕೂಲಿಯಾಕೆ ನಾವು ಉಣ್ಣುವ ಜೋಳದ ಕಳೆ ತೆಗೆಯುತ್ತಾಳೆ. ಅಲ್ಲೆಲ್ಲ ಇಲ್ಲದ ಮೈಲಿಗೆ ಅಡುಗೆಮನೆಯ ಹೊಸ್ತಿಲಿಗೆ ಬಂದಕೂಡಲೇ ಎಲ್ಲಿಂದ ಬಂತು?

ಇದನ್ನು ನಾನು ಕೇಳುತ್ತಿರುವುದು ಬೇರೆಯವರನ್ನಲ್ಲ, ನಮ್ಮನ್ನೇ. ಪಂಚಸೂತಕ ನಮಗಿಲ್ಲ ಎಂದು ವೇದಿಕೆಯ ಮೇಲೆ ಹೇಳುತ್ತೇವೆ. ಮನೆಗೆ ಹೋದರೆ ಸೊಸೆ ಮೂರು ದಿನ ಪಡಸಾಲೆಯ ಮೂಲೆಯಲ್ಲಿ ಕೂತಿರುತ್ತಾಳೆ. ಮಗಳು ಕೊರಳಿನ ಕರಡಿಗೆ ತೆಗೆದಿಟ್ಟಿರುತ್ತಾಳೆ. ಮುಟ್ಟಿನ ದಿನಗಳಲ್ಲಿಯೂ ಲಿಂಗಪೂಜೆ ನಿಲ್ಲಬೇಕಾಗಿಲ್ಲ ಎಂಬ ಹಕ್ಕನ್ನು ನಮ್ಮ ಹೆಣ್ಣುಮಕ್ಕಳಿಗೆ ಶರಣರು ಕೊಟ್ಟು ಎಂಟುನೂರು ವರ್ಷ ದಾಟಿತು. ಅದನ್ನು ಮರಳಿ ಕಿತ್ತುಕೊಂಡವರು ಹೊರಗಿನವರಲ್ಲ.

ಆರೋಗ್ಯದ ಲೆಕ್ಕವೂ ಇದೆ. ಮುಟ್ಟು 21ರಿಂದ 35 ದಿನಕ್ಕೊಮ್ಮೆ ಬರುವುದು, 2ರಿಂದ 7 ದಿನ ಇರುವುದು ಸಹಜ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ದೊಡ್ಡ ಗಡ್ಡೆಗಳು ಬಿದ್ದರೆ, ನೋವಿನಿಂದ ಶಾಲೆ ತಪ್ಪಿದರೆ ವೈದ್ಯರಿಗೆ ತೋರಿಸಬೇಕು. "ಹೆಣ್ಣಾಗಿ ಹುಟ್ಟಿದ ಮೇಲೆ ಸಹಿಸಬೇಕು" ಎಂದು ಕೂರಿಸಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಅತಿಯಾದ ಮುಟ್ಟಿನ ಸ್ರಾವ ಅದಕ್ಕೊಂದು ಕಾರಣ. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವವರು ಸೋಪಿನಿಂದ ಒಗೆದು ಬಿಸಿಲಿಗೆ ಒಣಹಾಕಬೇಕು. ಯಾರಿಗೂ ಕಾಣಬಾರದೆಂದು ಹಾಸಿಗೆಯ ಕೆಳಗೆ, ಕತ್ತಲೆ ಮೂಲೆಯಲ್ಲಿ ಒಣಗಿಸಿದ ಬಟ್ಟೆಯಿಂದ ಸೋಂಕು ತಗಲುತ್ತದೆ. ಇಲ್ಲಿಯೂ ರೋಗ ತರುವುದು ನಾಚಿಕೆಯೇ.

ಹುಡುಗರ ಭಯ

ಹೆಣ್ಣುಮಗಳಿಗೆ ಕೊನೆಗೆ ಅವ್ವನಾದರೂ ಎರಡು ಮಾತು ಹೇಳುತ್ತಾಳೆ. ಗಂಡುಹುಡುಗನಿಗೆ ಯಾರೂ ಇಲ್ಲ. ಅವನಿಗೆ ಪಾಠ ಹೇಳುವುದು ಬಸ್ ನಿಲ್ದಾಣದ ಗೋಡೆ, ಮೂತ್ರಾಲಯದ ಚೀಟಿ, ಈಗ ಮೊಬೈಲು.

ಗೋಡೆಯ ಪಾಠದಲ್ಲಿ ಮೊದಲನೆಯದು, ನಲವತ್ತು ತೊಟ್ಟು ರಕ್ತದಿಂದ ಒಂದು ತೊಟ್ಟು ವೀರ್ಯವಾಗುತ್ತದೆ, ಅದು ಹೋದರೆ ಶಕ್ತಿ ಹೋಯಿತು ಎಂಬುದು. ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ. ವೃಷಣಗಳಲ್ಲಿ ವೀರ್ಯಾಣು ಹಗಲು ರಾತ್ರಿ ಕೋಟಿಗಟ್ಟಲೆ ತಯಾರಾಗುತ್ತಿರುತ್ತದೆ. ಒಂದು ವೀರ್ಯಾಣು ಪೂರ್ತಿ ರೂಪುಗೊಳ್ಳಲು ಸುಮಾರು 70 ದಿನ ಬೇಕು. ಹೊರಬರುವ ದ್ರವದಲ್ಲಿ ವೀರ್ಯಾಣುವಿನ ಪಾಲು ಬಹಳ ಸಣ್ಣದು. ಉಳಿದದ್ದೆಲ್ಲ ಪ್ರಾಸ್ಟೇಟ್ ಮತ್ತು ಅಕ್ಕಪಕ್ಕದ ಗ್ರಂಥಿಗಳ ರಸ: ಬಹುಪಾಲು ನೀರು, ಒಂದಿಷ್ಟು ಸಕ್ಕರೆ, ಒಂದಿಷ್ಟು ಪ್ರೋಟೀನು. ಒಂದು ಸಲಕ್ಕೆ ಹೋಗುವುದು ಒಂದು ಸಣ್ಣ ಚಮಚದಷ್ಟು. ಅದರಿಂದ ಕಣ್ಣು ಒಳಸೇರುವುದಿಲ್ಲ, ಬೆನ್ನುಮೂಳೆ ಸವೆಯುವುದಿಲ್ಲ, ನೆನಪು ಹೋಗುವುದಿಲ್ಲ.

ನಿದ್ದೆಯಲ್ಲಿ ಆಗುವ ಸ್ವಪ್ನಸ್ಖಲನ ರೋಗವಲ್ಲ, ಪಾಪವೂ ಅಲ್ಲ. ಹರೆಯದ ಮೈ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಹಸ್ತಮೈಥುನದಿಂದ ದೌರ್ಬಲ್ಯ ಬರುತ್ತದೆ, ಅಂಗ ಸಣ್ಣದಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತುಗಳಿಗೂ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಓದು, ಕೆಲಸ, ನಿದ್ದೆ ಬಿಡುವಷ್ಟು ಅದೇ ಗೀಳಾದರೆ ಮನಸ್ಸಿಗೆ ನೆರವು ಬೇಕು. ಅದು ಬೇರೆ ಮಾತು.

ಇಲ್ಲಿ ಒಂದು ಸಂಶಯ ಬರಬಹುದು. ಹಾಗಾದರೆ ಬ್ರಹ್ಮಚರ್ಯಕ್ಕೆ ಬೆಲೆಯಿಲ್ಲವೇ? ಇದೆ. ಬ್ರಹ್ಮಚರ್ಯ ಒಂದು ವ್ರತ. ಒಬ್ಬರು ತಿಳಿದು, ಒಪ್ಪಿ, ಒಂದು ದೊಡ್ಡ ಗುರಿಗಾಗಿ ಹಿಡಿಯುವಂಥದ್ದು. ಅದರ ಬೆಲೆ ಇರುವುದು ಸಂಕಲ್ಪದಲ್ಲಿ, ದ್ರವವನ್ನು ಕೂಡಿಡುವುದರಲ್ಲಲ್ಲ. ಹದಿನೈದು ವರ್ಷದ ಹುಡುಗನನ್ನು ಹೆದರಿಸಿ ಹಿಡಿಸುವ ಭಯಕ್ಕೆ ವ್ರತವೆಂಬ ಹೆಸರು ಒಪ್ಪುವುದಿಲ್ಲ.

ಈ ಭಯವೇ ಒಂದು ಕಾಯಿಲೆಯಾಗುತ್ತದೆ. ಮೂತ್ರದಲ್ಲಿ 'ಧಾತು' ಹೋಗುತ್ತಿದೆ ಎಂದು ನಂಬಿದ ಹುಡುಗ ನಿಜವಾಗಿಯೂ ಸೊರಗುತ್ತಾನೆ. ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ. ಮನೋವೈದ್ಯ ಎನ್.ಎನ್. ವಿಗ್ ಅವರು 1960ರಲ್ಲಿಯೇ ಇದನ್ನು ಗುರುತಿಸಿ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಮೂತ್ರ ಕೆಲವೊಮ್ಮೆ ಬೆಳ್ಳಗೆ ಕಾಣುವುದು ಅದರಲ್ಲಿರುವ ಲವಣದಿಂದ. ಹುಡುಗನನ್ನು ಸೊರಗಿಸುವುದು ಧಾತು ಅಲ್ಲ, ಹೆದರಿಕೆ. ಅದಕ್ಕೆ ಔಷಧ ತಿಳಿವಳಿಕೆ, ಬೇಕಾದರೆ ಮನೋವೈದ್ಯರ ನೆರವು.

ಆ ಹುಡುಗ ಹೋಗುವುದು ಎಲ್ಲಿಗೆ? ವಾರಕ್ಕೊಮ್ಮೆ ಲಾಡ್ಜಿನಲ್ಲಿ ಕೋಣೆ ಹಿಡಿದು ಕೂರುವ 'ಗುಪ್ತರೋಗ ತಜ್ಞ'ನ ಬಳಿಗೆ. ಅಲ್ಲಿ ಅವನ ಸಹಜ ದೇಹಕ್ಕೆ ರೋಗದ ಹೆಸರಿಟ್ಟು, ಸಾವಿರಾರು ರೂಪಾಯಿಯ ಭಸ್ಮ, ಲೇಹ್ಯ ಕೊಡುತ್ತಾರೆ. ಭಸ್ಮದಲ್ಲಿ ಸೀಸ, ಪಾದರಸ ಸರಿಯಾಗಿ ಶುದ್ಧಿಯಾಗದೆ ಉಳಿದಿದ್ದರೆ ಮೂತ್ರಪಿಂಡ ಹಾಳಾಗುತ್ತದೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷದ ಕಾನೂನು. ಆದರೂ ಗೋಡೆಗಳು ತುಂಬಿವೆ, ಏಕೆಂದರೆ ಮೋಸ ಹೋದವನು ನಾಚಿಕೆಯಿಂದ ದೂರು ಕೊಡುವುದಿಲ್ಲ. ಆ ವ್ಯಾಪಾರಕ್ಕೆ ಬಂಡವಾಳ ನಮ್ಮ ಮೌನ.

ನಡುವಯಸ್ಸಿನ ಅಣ್ಣಂದಿರಿಗೂ ಒಂದು ಮಾತು. ನಲವತ್ತು ದಾಟಿದ ಮೇಲೆ ನಿಮಿರುವಿಕೆಯ ತೊಂದರೆ ಬಂದರೆ ಅದನ್ನು ಗಂಡಸುತನದ ಪ್ರಶ್ನೆ ಮಾಡಿಕೊಳ್ಳಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ರಕ್ತನಾಳದ ತೊಂದರೆ ಮೊದಲು ಅಲ್ಲಿ ಕಾಣಿಸಿಕೊಳ್ಳಬಹುದು. ಅಲ್ಲಿನ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಬೇಗ ಕಟ್ಟುತ್ತದೆ. ವೈದ್ಯರಿಗೆ ಹೇಳಿದರೆ ಹೃದಯವೂ ಉಳಿದೀತು. ಸ್ನೇಹಿತ ಹೇಳಿದನೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆ ಬಳಸುವವರು ಇದನ್ನೂ ನುಂಗಿದರೆ ರಕ್ತದೊತ್ತಡ ಒಮ್ಮೆಗೇ ಕುಸಿದು ಜೀವಕ್ಕೇ ಅಪಾಯ.

ಮದುವೆ, ಮಕ್ಕಳು

ಮದುವೆಯ ಮೊದಲ ರಾತ್ರಿ ರಕ್ತ ಕಾಣದಿದ್ದರೆ ಹುಡುಗಿ ಸರಿಯಿಲ್ಲ ಎಂಬ ನಂಬಿಕೆ ಓದಿದವರಲ್ಲಿಯೂ ಇದೆ. ಕನ್ಯಾಪೊರೆ ಎನ್ನುವುದು ಬಾಗಿಲು ಮುಚ್ಚಿದ ಪರದೆಯಲ್ಲ. ಯೋನಿಯ ದ್ವಾರದ ಸುತ್ತ ಇರುವ, ಹಿಗ್ಗುವ ಗುಣವುಳ್ಳ ಒಂದು ತೆಳು ಮಡಿಕೆ. ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಮೊದಲ ಕೂಡುವಿಕೆಯಲ್ಲಿ ಹಲವರಿಗೆ ರಕ್ತ ಬರುವುದೇ ಇಲ್ಲ. ಯಾವ ವೈದ್ಯರೂ, ಯಾವ ಪರೀಕ್ಷೆಯೂ ಹೆಣ್ಣಿನ ಕನ್ಯತ್ವವನ್ನು ನೋಡಿ ಹೇಳಲಾರರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಪರೀಕ್ಷೆ ನಿಲ್ಲಬೇಕು ಎಂದಿತು. ಅತ್ಯಾಚಾರಕ್ಕೆ ಒಳಗಾದವರಿಗೆ 'ಎರಡು ಬೆರಳಿನ ಪರೀಕ್ಷೆ' ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಒಂದು ಹಾಸಿಗೆ ಬಟ್ಟೆಯನ್ನು ನೋಡಿ ಒಬ್ಬಳ ಬಾಳನ್ನು ಅಳೆಯುವುದು ನಿಲ್ಲಬೇಕು.

ಇನ್ನೊಂದು ಗಂಡುಮಗುವಿನ ಹಂಬಲ. ಮೂರನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳು ನಿಮಗೂ ಗೊತ್ತು. ಹೆಣ್ಣಿನ ಅಂಡಾಣುವಿನಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ಗಂಡಿನ ವೀರ್ಯಾಣುಗಳಲ್ಲಿ ಕೆಲವು ಎಕ್ಸ್ ಹೊತ್ತಿರುತ್ತವೆ, ಕೆಲವು ವೈ. ಎಕ್ಸ್ ಬಂದು ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ವರ್ಣತಂತುಗಳಿಂದ ಲಿಂಗ ತೀರ್ಮಾನವಾಗುವ ಬಗೆಯನ್ನು ನೆಟ್ಟಿ ಸ್ಟೀವನ್ಸ್ ಎಂಬ ವಿಜ್ಞಾನಿ ಅಮೆರಿಕದಲ್ಲಿ 1905ರಲ್ಲಿಯೇ ತೋರಿಸಿದರು. ಆಕೆಯೂ ಒಬ್ಬ ಹೆಣ್ಣುಮಗಳು. ಒಕ್ಕಲುತನದವರಿಗೆ ಇದು ಬೇಗ ತಿಳಿಯುತ್ತದೆ: ಜೋಳ ಬಿತ್ತಿ ಬಂದು, ಕಡಲೆ ಬೆಳೆಯಲಿಲ್ಲ ಎಂದು ಹೊಲವನ್ನು ಬೈಯುವುದುಂಟೇ? ಹಾಗೆಂದು ಈಗ ಗಂಡನನ್ನು ಬೈಯಲು ಹೋಗಬೇಡಿ. ಯಾವ ವೀರ್ಯಾಣು ಮೊದಲು ಮುಟ್ಟುತ್ತದೆ ಎಂಬುದು ಅವನ ಕೈಯಲ್ಲಿಯೂ ಇಲ್ಲ. ಗಂಡಾಗಲು ಕೊಡುವ ಬೇರು, ಪುಡಿ ಎಲ್ಲ ಸುಳ್ಳು. ಬಸಿರಿಯಿದ್ದಾಗ ಲಿಂಗ ಪತ್ತೆ ಮಾಡಿಸುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

ಮಕ್ಕಳಾಗದಿದ್ದರೆ 'ಬಂಜೆ' ಎಂಬ ಪದ ಇದೆ. ಗಂಡಸಿಗೆ ಅಂಥ ಪದ ಬಳಕೆಯಲ್ಲಿಲ್ಲ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಒಂದು ವರ್ಷ ಕೂಡಿ ಬಾಳಿದ ಮೇಲೂ ಬಸಿರಾಗದಿದ್ದರೆ ಇಬ್ಬರೂ ಒಟ್ಟಿಗೆ ಬರಬೇಕು. ಮೊದಲು ಮಾಡಬೇಕಾದ, ಎಲ್ಲಕ್ಕಿಂತ ಸುಲಭವಾದ, ಅಗ್ಗದ ಪರೀಕ್ಷೆ ಗಂಡಿನ ವೀರ್ಯ ಪರೀಕ್ಷೆ. ನಮ್ಮಲ್ಲಿ ಅದು ಕಟ್ಟಕಡೆಗೆ ಆಗುತ್ತದೆ. ಅಷ್ಟರಲ್ಲಿ ಆ ಹೆಣ್ಣುಮಗಳು ಹತ್ತು ಹರಕೆ, ನಾಲ್ಕು ಸ್ಕ್ಯಾನಿಂಗ್ ಮುಗಿಸಿರುತ್ತಾಳೆ. ಕೆಲವು ಕಡೆ ಗಂಡನಿಗೆ ಎರಡನೆಯ ಹೆಣ್ಣನ್ನೂ ನೋಡಿರುತ್ತಾರೆ.

ಆಪರೇಶನ್ ಯಾರಿಗೆ?

ಕುಟುಂಬ ಯೋಜನೆಯಲ್ಲಿ ನಮ್ಮ ನಾಡು ಮುಂದಿತ್ತು. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಿತು. ಒಂದು ಸರ್ಕಾರ ತಾನೇ ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಅದು ಮೊದಲು ಎನ್ನುತ್ತಾರೆ. ಆದರೆ ಇಂದಿನ ಸ್ಥಿತಿ ನೋಡಿ. ನಾನು ಆಗಲೇ ಹೇಳಿದ ಸಮೀಕ್ಷೆಯಲ್ಲಿ, ದೇಶದ ವಿವಾಹಿತ ಹೆಂಗಸರಲ್ಲಿ ಶೇಕಡಾ 37.9 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡದ್ದು ಶೇಕಡಾ 0.3.

ಹೆಣ್ಣಿನ ಆಪರೇಶನ್‌ಗೆ ಹೊಟ್ಟೆ ತೆರೆಯಬೇಕು. ಗಂಡಿನದು ಹೊಲಿಗೆಯಿಲ್ಲದ ಸಣ್ಣ ರಂಧ್ರ, ಇಪ್ಪತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ. ಶಕ್ತಿ ಹೋಗುತ್ತದೆ, ದುಡಿಯಲಾಗುವುದಿಲ್ಲ, ಗಂಡಸುತನ ಹೋಗುತ್ತದೆ ಎಂಬುದೇ ಅಡ್ಡಿ. ವೀರ್ಯದಲ್ಲಿ ವೀರ್ಯಾಣುವಿನ ಪಾಲು ಬಹಳ ಸಣ್ಣದು ಎಂದೆನಲ್ಲ, ಆಪರೇಶನ್ ತಡೆಯುವುದು ಅದನ್ನು ಮಾತ್ರ. ಗಂಡು ಹಾರ್ಮೋನು ರಕ್ತದಲ್ಲಿ ಹರಿಯುತ್ತದೆ, ಆ ನಾಳದಲ್ಲಲ್ಲ. ಆಸೆ, ಶಕ್ತಿ, ದ್ರವ ಎಲ್ಲ ಮೊದಲಿನ ಹಾಗೆಯೇ. ಮೂರು ತಿಂಗಳ ತನಕ ಬೇರೆ ಎಚ್ಚರಿಕೆ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ಮೂರು ಹೆರಿಗೆಯ ನೋವು ತಿಂದವಳೇ ಕತ್ತರಿಗೂ ಮೈಯೊಡ್ಡಬೇಕೆ ಎಂದು ಗಂಡಂದಿರು ಯೋಚಿಸಿ.

ಸೋಂಕು, ಗರ್ಭಕೋಶ, ಕ್ಯಾನ್ಸರ್

ಹೆಂಗಸರು ನನ್ನ ಬಳಿ ಅತಿ ಮೆಲ್ಲಗೆ ಹೇಳುವ ಮಾತು 'ಬಿಳಿ ಹೋಗುತ್ತದೆ' ಎಂಬುದು. ತಿಂಗಳಿನ ನಡುವೆ, ಮುಟ್ಟಿಗೆ ಮೊದಲು ನೀರಿನಂಥ ಬಿಳಿ ಹೋಗುವುದು ಸಹಜ. ಅದರಿಂದ ಮೂಳೆ ಕರಗುವುದಿಲ್ಲ. ವಾಸನೆ, ತುರಿಕೆ, ಉರಿ, ಬಣ್ಣ ಇದ್ದರೆ ಸೋಂಕು. ಅದಕ್ಕೆ ಮಾತ್ರೆ ಇದೆ. ಕೆಲವು ಸೋಂಕುಗಳಿಗೆ ಗಂಡನೂ ಮಾತ್ರೆ ತೆಗೆದುಕೊಳ್ಳಬೇಕು, ಇಲ್ಲವಾದರೆ ತಿರುಗಿ ಬರುತ್ತದೆ. ಜಿಲ್ಲಾ ಆಸ್ಪತ್ರೆಗಳ 'ಸುರಕ್ಷಾ ಕ್ಲಿನಿಕ್'ಗಳಲ್ಲಿ ಈ ಚಿಕಿತ್ಸೆ ಉಚಿತ.

ಇದನ್ನು ತಿಳಿಸದೆ, "ಗರ್ಭಕೋಶ ಕೆಟ್ಟಿದೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ಆಪರೇಶನ್ ಮಾಡಿದ ಕಥೆಗಳು ನಮ್ಮ ಭಾಗದಲ್ಲಿಯೇ ಇವೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಣ್ಣುಮಕ್ಕಳ, ಅದರಲ್ಲೂ ತಾಂಡಾದ ತಾಯಂದಿರ ಗರ್ಭಕೋಶವನ್ನು ಕಾರಣವಿಲ್ಲದೆ ತೆಗೆದ ಪ್ರಕರಣಗಳು ಹೊರಬಂದು ಹೋರಾಟ, ತನಿಖೆ ನಡೆದವು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬರೀ ಬಿಳಿ ಹೋಗುವುದಕ್ಕೆ ಯಾರಾದರೂ ಗರ್ಭಕೋಶ ತೆಗೆಸಿ ಎಂದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಬೇಡಿ.

ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮಾತ್ರ ನಿಜವಾದ ಭಯ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಅದೇ ಹೆಚ್ಚು. ಅದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್. ಇದನ್ನು ಕಂಡುಹಿಡಿದ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದಕೂಡಲೇ ನಡತೆಯ ಮಾತು ಎತ್ತಬೇಡಿ. ಒಬ್ಬನೇ ಗಂಡನೊಡನೆ ಬಾಳಿದವರಿಗೂ ಬರುತ್ತದೆ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಲಸಿಕೆ ಹಾಕಿಸಬಹುದು. ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದೆ. ಅದರಿಂದ ಬಂಜೆತನ ಬರುವುದಿಲ್ಲ. ಮೂವತ್ತು ದಾಟಿದ ತಾಯಂದಿರು ಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು. ಕೆಲವೇ ನಿಮಿಷದ ಕೆಲಸ. ಕೂಡಿದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಒಂದು ವಾರವೂ ಕಾಯಬೇಡಿ. ತಡವಾಗಿ ಬಂದ ಎಷ್ಟೋ ತಾಯಂದಿರು ಹೇಳುವುದು ಒಂದೇ: "ಹೇಳಾಕ ನಾಚಿಕಿ ಬಂತ್ರೀ."

ಎಚ್‌ಐವಿ ಬಗ್ಗೆಯೂ ಒಂದು ಮಾತು. 1986ರಲ್ಲಿ ಚೆನ್ನೈನಲ್ಲಿ ದೇಶದ ಮೊದಲ ಪ್ರಕರಣಗಳು ಪತ್ತೆಯಾದವು. 2004ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಮಾತ್ರೆ ಉಚಿತ. ತಪ್ಪದೆ ನುಂಗಿದರೆ ಎಲ್ಲರ ಹಾಗೆ ದುಡಿದು ಬಾಳಬಹುದು. ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ. ಬಸಿರಿಯಲ್ಲಿ ಮೊದಲೇ ಗೊತ್ತಾದರೆ ಮಗುವಿಗೆ ಹರಡುವುದನ್ನು ಬಹುಮಟ್ಟಿಗೆ ತಡೆಯಬಹುದು. ಸೊಳ್ಳೆಯಿಂದ, ಕೈಕುಲುಕುವುದರಿಂದ, ಒಂದೇ ತಟ್ಟೆಯಿಂದ ಬರುವುದಿಲ್ಲ. ದಾಸೋಹದ ಪಂಕ್ತಿಯಿಂದ ಅವರನ್ನು ಎಬ್ಬಿಸಿದರೆ ಜಾತಿಸೂತಕ, ಉಚ್ಛಿಷ್ಟಸೂತಕ ಎರಡನ್ನೂ ಹೊಸ ಹೆಸರಿನಲ್ಲಿ ಒಳಗೆ ಕರೆದಂತೆ. ಅವರ ಮೇಲೆ ತಾರತಮ್ಯ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಮಾಹಿತಿ ಬೇಕಾದವರು ಹೆಸರು ಹೇಳದೆ 1097ಕ್ಕೆ ಕರೆ ಮಾಡಬಹುದು.

ಮನೆಯಲ್ಲಿ, ಮಠದಲ್ಲಿ

ಕೊನೆಯ ಮಾತು ಮಕ್ಕಳದು. ಮಗುವಿಗೆ ಕಣ್ಣು, ಮೂಗು, ಕಿವಿಯ ಹೆಸರು ಕಲಿಸುವಾಗ ಗುಪ್ತಾಂಗಗಳಿಗೂ ಸರಿಯಾದ ಹೆಸರು ಕಲಿಸಿ. ಅಲ್ಲಿ ಯಾರೂ ಮುಟ್ಟಬಾರದು, ಮುಟ್ಟಿದರೆ ಅವ್ವ ಅಪ್ಪನಿಗೆ ಹೇಳಬೇಕು, ಹೇಳಿದರೆ ಬೈಯುವುದಿಲ್ಲ ಎಂದು ಕಲಿಸಿ. ಮಕ್ಕಳ ಮೇಲೆ ದೌರ್ಜನ್ಯ ಮಾಡುವವರು ಬಹಳ ಸಲ ಪರಿಚಯದವರೇ, ಮನೆಗೆ ಬಂದು ಹೋಗುವವರೇ. ಹೆಸರೇ ಗೊತ್ತಿಲ್ಲದ ಅಂಗದ ಬಗ್ಗೆ ಮಗು ದೂರು ಹೇಗೆ ಹೇಳೀತು? ಅಂಥವರ ಮೊದಲ ರಕ್ಷಣೆ ನಮ್ಮ ನಾಚಿಕೆ. 2012ರ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಗಂಡಿಗೂ ಹೆಣ್ಣಿಗೂ ಅನ್ವಯಿಸುತ್ತದೆ. ವಿಷಯ ಗೊತ್ತಿದ್ದೂ ದೂರು ಕೊಡದಿರುವುದು ಅದರಲ್ಲಿ ಅಪರಾಧ. ದೌರ್ಜನ್ಯ ಎಲ್ಲಿಯೇ ನಡೆದಿರಲಿ, ಮನೆಯಲ್ಲಿ, ಶಾಲೆಯಲ್ಲಿ, ವಸತಿನಿಲಯದಲ್ಲಿ, ಮಠದಲ್ಲಿ, ಮಾನ ಹೋಗುತ್ತದೆ ಎಂದು ಮುಚ್ಚಿಡಬಾರದು. ಮಾನ ಹೋಗುವುದು ಮುಚ್ಚಿಟ್ಟಾಗ. ಮಕ್ಕಳ ಸಹಾಯವಾಣಿ 1098.

ಲೈಂಗಿಕ ಶಿಕ್ಷಣ ಕೊಟ್ಟರೆ ಮಕ್ಕಳು ದಾರಿ ತಪ್ಪುತ್ತಾರೆ ಎನ್ನುವವರಿದ್ದಾರೆ. ಮೊಬೈಲು ಕೈಯಲ್ಲಿರುವ ಮಗುವಿಗೆ ಪಾಠ ಆಗಲೇ ಶುರುವಾಗಿದೆ. ಅದು ಕೆಟ್ಟ ಚಿತ್ರದಿಂದ ಆಗಬೇಕೋ, ಅವ್ವನಿಂದ ಆಗಬೇಕೋ ಎಂಬುದಷ್ಟೇ ನಮ್ಮ ಕೈಯಲ್ಲಿ ಉಳಿದಿರುವುದು. ಡಾ. ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ', 'ದಾಂಪತ್ಯ ದೀಪಿಕೆ' ಬರೆದು ದಶಕಗಳಾದವು. ಮನೆಯಲ್ಲಿ ಆಡಲಾಗದ ಮಾತನ್ನು ಎಷ್ಟೋ ಹೆಣ್ಣುಮಕ್ಕಳು ಆ ಪುಸ್ತಕಗಳಿಂದ ತಿಳಿದರು. ಕನ್ನಡದಲ್ಲಿ ಈ ವಿಷಯವನ್ನು ಗೌರವದಿಂದ ಹೇಳಬಹುದು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಪೂಜ್ಯರಲ್ಲಿ, ಮಠದ ಆಡಳಿತ ಮಂಡಳಿಯಲ್ಲಿ ನನ್ನ ಅರಿಕೆ ಮೂರು. ಒಂದು, ಮಠದ ಶಾಲೆ, ವಸತಿನಿಲಯಗಳಿಗೆ ವರ್ಷಕ್ಕೆ ಎರಡು ಸಲ ವೈದ್ಯರನ್ನು ಕರೆಸಿ ಹುಡುಗರಿಗೂ ಹುಡುಗಿಯರಿಗೂ ಮಾತಾಡಲು ಹೇಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿಯೇ 'ಸ್ನೇಹ ಕ್ಲಿನಿಕ್'ಗಳಿವೆ, ಅವುಗಳನ್ನು ಪರಿಚಯಿಸಿ. ಎರಡು, ಜಾತ್ರೆಯ ಆರೋಗ್ಯ ಶಿಬಿರದಲ್ಲಿ ಕಣ್ಣು, ಸಕ್ಕರೆಯ ಜೊತೆಗೆ ಗರ್ಭಕೋಶದ ಕೊರಳಿನ ತಪಾಸಣೆಗೂ ಒಂದು ಮರೆಯ ಕೋಣೆ ಇರಲಿ. ಮೂರು, ಲಿಂಗದೀಕ್ಷೆ ಕೊಡುವಾಗ ಹೆಣ್ಣುಮಕ್ಕಳಿಗೆ ಒಂದು ಮಾತು ಬಿಡಿಸಿ ಹೇಳಿ: ಮುಟ್ಟಾದಾಗ ಕೊರಳಿನ ಲಿಂಗ ತೆಗೆಯಬೇಕಾಗಿಲ್ಲ. ವೈದ್ಯೆಯಾಗಿ ನಾನು ನೂರು ಸಲ ಹೇಳಿದರೂ ಅತ್ತೆ ಮಾವ ಕೇಳುವುದಿಲ್ಲ. ಸ್ವಾಮಿಗಳು ಒಂದು ಸಲ ಹೇಳಿದರೆ ಕೇಳುತ್ತಾರೆ.

ಇನ್ನು ನೀವು. ಇಂದು ಇಲ್ಲಿ ಕೇಳಿದ್ದರಲ್ಲಿ ಒಂದು ಮಾತನ್ನಾದರೂ ಮನೆಗೆ ಒಯ್ದು ಆಡಿ. ಗಂಡ ಹೆಂಡತಿಯೊಡನೆ, ಅವ್ವ ಮಗಳೊಡನೆ, ಅಪ್ಪ ಮಗನೊಡನೆ. ಮೊದಲ ಸಲ ಮಾತು ತಡವರಿಸುತ್ತದೆ. ಎರಡನೆಯ ಸಲ ಅಷ್ಟಿರುವುದಿಲ್ಲ. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬೇಡ.